ಗ್ಯಾಸ್ ಅಲ್ಲದ ಹೊಟ್ಟೆನೋವು



ನಮ್ಮ ಮನೆಗಳಲ್ಲಿ ಹೊಟ್ಟೆನೋವಿಗೆ ಹೆದರುವವರು ಕಡಿಮೆ. ಎದೆನೋವು ಎಂದು ಯಾರಾದರೂ ಹೇಳಿದರೆ ಇಡೀ ಮನೆ ಎದ್ದು ಕೂರುತ್ತದೆ, ನೆರೆಮನೆಯ ಜೀಪು ಅಂಗಳಕ್ಕೆ ಬರುತ್ತದೆ. ಹೊಟ್ಟೆನೋವು ಎಂದರೆ ಒಬ್ಬರು ಅಡುಗೆಮನೆಗೆ ಹೋಗಿ ಓಮ ಕಾಯಿಸುತ್ತಾರೆ, ಇನ್ನೊಬ್ಬರು 'ರಾತ್ರಿ ಏನು ತಿಂದಿದ್ದೀರಿ?' ಎಂದು ವಿಚಾರಿಸುತ್ತಾರೆ. ನೂರರಲ್ಲಿ ತೊಂಬತ್ತೊಂಬತ್ತು ಸಲ ಅಷ್ಟು ಸಾಕಾಗುತ್ತದೆ. ಈ ತಿಂಗಳು ನಾನು ಬರೆಯುತ್ತಿರುವುದು ಆ ಉಳಿದ ಒಂದು ಸಲದ ಬಗ್ಗೆ.

2022ರ ರಮಝಾನ್ ತಿಂಗಳು ಏಪ್ರಿಲ್‌ನಲ್ಲಿ ಬಂದಿತ್ತು. ಕಡಬದ ಸೆಕೆ ನಿಮಗೆ ಗೊತ್ತೇ ಇದೆ. ನನ್ನ ಅತ್ತೆಗೆ ಆಗ ಅರವತ್ತೆಂಟು ವರ್ಷ. ಕೆಲವು ವರ್ಷಗಳಿಂದ ಹೃದಯದ ಬಡಿತ ತಾಳ ತಪ್ಪುತ್ತಿತ್ತು. ಅದಕ್ಕೆ ರಕ್ತ ತೆಳುವಾಗುವ ಮಾತ್ರೆ ಕೊಟ್ಟಿದ್ದರು. ಉಪವಾಸ ಶುರುವಾದ ದಿನದಿಂದ ಅವರು ಆ ಮಾತ್ರೆಯನ್ನು ಬಿಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಹನ್ನೊಂದನೆಯ ಉಪವಾಸದ ರಾತ್ರಿ, ತರಾವೀಹ್ ಮುಗಿದು ಸ್ವಲ್ಪ ಹೊತ್ತಿನಲ್ಲಿ, 'ಹೊಕ್ಕುಳ ಸುತ್ತ ಯಾರೋ ಹಿಂಡಿದ ಹಾಗಾಗುತ್ತದೆ' ಎಂದರು. ಒಮ್ಮೆ ವಾಂತಿಯಾಯಿತು, ಒಮ್ಮೆ ಬೇಧಿಯಾಯಿತು. ಇಫ್ತಾರ್‌ಗೆ ಕರಿದದ್ದು ತಿಂದದ್ದರಿಂದ ಹೀಗಾಯಿತು ಎಂದುಕೊಂಡೆವು. ಓಮದ ನೀರು ಕಾಯಿಸಿ ಕೊಟ್ಟವಳು ನಾನೇ.

ನೋವು ಇಳಿಯಲಿಲ್ಲ. ಎಂಟು ಮಕ್ಕಳನ್ನು ಹೆತ್ತ ಹೆಂಗಸು, ಹೆರಿಗೆಯಲ್ಲೂ ಸದ್ದು ಮಾಡದವರು, ಆ ರಾತ್ರಿ ಹಾಸಿಗೆಯಲ್ಲಿ ಹೊರಳಾಡಿದರು. ಹೊಟ್ಟೆ ಮುಟ್ಟಿ ನೋಡಿದೆ. ಮೆತ್ತಗಿತ್ತು. ಎಲ್ಲೂ ಗಟ್ಟಿ ಇರಲಿಲ್ಲ, ಉಬ್ಬಿರಲಿಲ್ಲ. ಆ ಮೆತ್ತಗಿನ ಹೊಟ್ಟೆಯೇ ನನಗೆ ಧೈರ್ಯ ಕೊಟ್ಟಿತು. ಮನೆಯಲ್ಲಿ ಗಂಡಸರಿರಲಿಲ್ಲ. ದಮ್ಮಾಮ್‌ನಲ್ಲಿರುವ ನನ್ನ ಪತಿಗೆ ಫೋನ್ ಮಾಡಿದೆ, ಡ್ಯೂಟಿಯಲ್ಲಿದ್ದ ಕಾರಣ ಎತ್ತಲಿಲ್ಲ. 'ಅವನು ಹೇಳಲಿ, ಆಮೇಲೆ ಹೋಗೋಣ' ಎಂದು ಅತ್ತೆಯೇ ಹೇಳಿದರು. ಸಹರಿಯ ಹೊತ್ತಿಗೆ ನೋವು ಸ್ವಲ್ಪ ಇಳಿಯಿತು. ನಾವು ಸಮಾಧಾನದ ನಿಟ್ಟುಸಿರು ಬಿಟ್ಟೆವು.

ಬೆಳಿಗ್ಗೆ ಹತ್ತಿರದಲ್ಲೇ ತೋರಿಸಿದೆವು. 'ಗ್ಯಾಸ್ ಆಗಿದೆ ಡಾಕ್ಟ್ರೇ' ಎಂದು ರೋಗವನ್ನು ನಾವೇ ಹೇಳಿದೆವು. ಹೃದಯದ ಕಾಯಿಲೆಯ ವಿಷಯ, ಬಿಟ್ಟ ಮಾತ್ರೆಯ ವಿಷಯ ಹೇಳಲಿಲ್ಲ. ಹೊಟ್ಟೆನೋವಿಗೂ ಹೃದಯಕ್ಕೂ ಏನು ಸಂಬಂಧ ಎಂದು ನಮಗೆ ಗೊತ್ತೇ ಇರಲಿಲ್ಲ. ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಮಧ್ಯಾಹ್ನ ಹೊಟ್ಟೆ ಉಬ್ಬಿತು, ಮೈ ತಣ್ಣಗಾಯಿತು, ಮಲದಲ್ಲಿ ರಕ್ತ ಕಂಡಿತು. ಉಪ್ಪಿನಂಗಡಿ ದಾಟಿ ಮಂಗಳೂರು ಮುಟ್ಟುವಾಗ ಸಂಜೆ. ಸ್ಕ್ಯಾನ್ ಆಯಿತು, ಹೊಟ್ಟೆ ತೆರೆದರು. ಸಣ್ಣ ಕರುಳಿನ ಬಹುಪಾಲು ಕಪ್ಪಾಗಿತ್ತು. ಮೂರನೆಯ ದಿನ ಅವರು ನಮ್ಮನ್ನು ಅಗಲಿದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಆಯುಷ್ಯ ಅಲ್ಲಾಹನ ಕೈಯಲ್ಲಿದೆ. ಆದರೆ ನಮ್ಮ ಕೈಯಲ್ಲಿದ್ದ ಗಂಟೆಗಳನ್ನು ನಾವು ಹೇಗೆ ಕಳೆದೆವು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನಾವೇ. ಅಂದಿನಿಂದ ಈ ರೋಗದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ವೈದ್ಯರಲ್ಲಿ ಕೇಳಿದೆ. ಕಲಿತದ್ದನ್ನು ನಿಮಗೆ ಹೇಳದೆ ಇರುವುದು ಸರಿಯಲ್ಲ.

ಏನಿದು ರೋಗ?

ವೈದ್ಯರ ಭಾಷೆಯಲ್ಲಿ ಇದರ ಹೆಸರು ಅಕ್ಯೂಟ್ ಮೆಸೆಂಟೆರಿಕ್ ಇಸ್ಕೀಮಿಯಾ. ಸರಳವಾಗಿ ಹೇಳುವುದಾದರೆ, ಕರುಳಿಗೆ ಹೋಗುವ ರಕ್ತ ಹಠಾತ್ತನೆ ನಿಲ್ಲುವುದು. ಹೃದಯಾಘಾತದಲ್ಲಿ ಹೃದಯಕ್ಕೆ ಏನಾಗುತ್ತದೋ, ಪಕ್ಷವಾತದಲ್ಲಿ ಮೆದುಳಿಗೆ ಏನಾಗುತ್ತದೋ, ಅದೇ ಇಲ್ಲಿ ಕರುಳಿಗೆ ಆಗುತ್ತದೆ. ಇದನ್ನು 'ಕರುಳಿನ ಆಘಾತ' ಎಂದು ಕರೆದರೆ ತಪ್ಪಾಗದು.

ನಮ್ಮ ಪುತ್ತೂರು, ಸುಳ್ಯ ಕಡೆಯ ಅಡಿಕೆ ತೋಟವನ್ನು ನೆನಪಿಸಿಕೊಳ್ಳಿ. ಪಂಪಿನಿಂದ ಒಂದು ದೊಡ್ಡ ಪೈಪು ಹೊರಡುತ್ತದೆ. ಅದರಿಂದ ಕವಲುಗಳು ಒಡೆದು ಒಂದೊಂದು ಸಾಲಿಗೆ ನೀರು ಕೊಡುತ್ತವೆ. ನಮ್ಮ ದೇಹದ ಪಂಪು ಹೃದಯ, ದೊಡ್ಡ ಪೈಪು ಮಹಾಪಧಮನಿ. ಅದರಿಂದ ಹೊಟ್ಟೆಯೊಳಗಿನ ಜೀರ್ಣಾಂಗಗಳಿಗೆ ಮೂರು ಮುಖ್ಯ ಕವಲುಗಳಿವೆ. ನಡುವಿನದು ಸುಪೀರಿಯರ್ ಮೆಸೆಂಟೆರಿಕ್ ಅಪಧಮನಿ. ಸುಮಾರು ಇಪ್ಪತ್ತು ಅಡಿ ಉದ್ದದ ಸಣ್ಣ ಕರುಳಿನ ಬಹುತೇಕ ಭಾಗ ಮತ್ತು ದೊಡ್ಡ ಕರುಳಿನ ಅರ್ಧದಷ್ಟು ಭಾಗ ಬದುಕುವುದು ಈ ಒಂದು ಕವಲಿನ ರಕ್ತದಿಂದ. ಈ ಕವಲು ಓರೆಯಾಗಿ ಇಳಿಯುತ್ತದೆ, ಅಗಲವಾಗಿಯೂ ಇದೆ. ಆದ್ದರಿಂದ ಮೇಲಿನಿಂದ ಹರಿದು ಬರುವ ಕಸ ಇದರೊಳಗೆ ಸುಲಭವಾಗಿ ನುಗ್ಗುತ್ತದೆ.

ತೋಟದ ಪೈಪಿನಲ್ಲಿ ಕಲ್ಲು ಸಿಕ್ಕಿಕೊಂಡ ದಿನ ಅಡಿಕೆ ಮರದ ಸೋಗೆ ಹಸಿರಾಗಿಯೇ ಇರುತ್ತದೆ. ಬಾಡುವುದು ಆಮೇಲೆ. ಕರುಳಿನ ಕತೆಯೂ ಹಾಗೆಯೇ. ರಕ್ತ ನಿಂತ ಕೂಡಲೇ ಕರುಳು ನೋವಿನಿಂದ ಕೂಗುತ್ತದೆ. ಆದರೆ ಹೊಟ್ಟೆಯ ಒಳಗೋಡೆಗೆ ಇನ್ನೂ ತೊಂದರೆ ತಟ್ಟಿಲ್ಲದ ಕಾರಣ, ಕೈಯಿಟ್ಟು ಒತ್ತಿದರೆ ಹೊಟ್ಟೆ ಮೆತ್ತಗೆ ಇರುತ್ತದೆ. ನನ್ನನ್ನು ಮೋಸ ಮಾಡಿದ್ದು ಇದೇ. ನೋವು ಬೆಟ್ಟದಷ್ಟು, ಪರೀಕ್ಷೆಯಲ್ಲಿ ಸಿಕ್ಕುವುದು ಸಾಸಿವೆಯಷ್ಟು. ಈ ವ್ಯತ್ಯಾಸವೇ ರೋಗದ ಅತಿ ಮುಖ್ಯ ಗುರುತು. ತುರ್ತು ಶಸ್ತ್ರಚಿಕಿತ್ಸಕರ ಜಾಗತಿಕ ಸಂಘಟನೆ 2017ರಲ್ಲಿ ಹೊರತಂದು 2022ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯು, ಇಂತಹ ನೋವನ್ನು ಬೇರೆ ಕಾರಣ ಖಚಿತವಾಗುವ ತನಕ ಕರುಳಿನ ಆಘಾತ ಎಂದೇ ಭಾವಿಸಬೇಕೆಂದು ವೈದ್ಯರಿಗೆ ತಿಳಿಸುತ್ತದೆ.

ಕರುಳಿನ ಒಳಪದರ ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತದೆ. ರಕ್ತ ಪೂರ್ತಿ ನಿಂತರೆ ಸುಮಾರು ಆರು ಗಂಟೆಯೊಳಗೆ ಇಡೀ ಗೋಡೆಗೆ ಮತ್ತೆ ಸರಿಪಡಿಸಲಾಗದ ಹಾನಿ ತಟ್ಟಬಹುದು. ಸಾಯುತ್ತಿರುವ ಕರುಳು ಕೆಲವೊಮ್ಮೆ ಸುಮ್ಮನಾಗುತ್ತದೆ, ನೋವು ಇಳಿದ ಹಾಗೆ ಕಾಣುತ್ತದೆ. ನಾವು ಸಹರಿಯ ಹೊತ್ತಿನಲ್ಲಿ ಕಂಡ ಸಮಾಧಾನ ಇದೇ ಇರಬೇಕು. ಅದರ ನಂತರ ಕರುಳೊಳಗಿನ ರೋಗಾಣುಗಳು ರಕ್ತಕ್ಕೆ ಸೇರುತ್ತವೆ, ಹೊಟ್ಟೆ ಉಬ್ಬಿ ಗಟ್ಟಿಯಾಗುತ್ತದೆ, ಜ್ವರ ಬರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಮಲದಲ್ಲಿ ರಕ್ತ ಕಾಣುವುದು ಹೆಚ್ಚಾಗಿ ತಡವಾದ ಲಕ್ಷಣ. ರಕ್ತ ಕಾಣಲಿ ಎಂದು ಯಾರೂ ಕಾಯಬಾರದು.

ಯಾರಿಗೆ ಬರುತ್ತದೆ?

ಇದು ಅಪರೂಪದ ರೋಗ. ತುರ್ತು ಶಸ್ತ್ರಚಿಕಿತ್ಸಾ ವಿಭಾಗಕ್ಕೆ ದಾಖಲಾಗುವ ಸಾವಿರ ಮಂದಿಯಲ್ಲಿ ಒಬ್ಬಿಬ್ಬರಿಗೆ ಕಾಣುವಂಥದ್ದು. ಆದರೆ ವಯಸ್ಸಾದಂತೆ ಲೆಕ್ಕ ಬದಲಾಗುತ್ತದೆ. ಎಪ್ಪತ್ತೈದು ದಾಟಿದವರಲ್ಲಿ ಹಠಾತ್ ಹೊಟ್ಟೆನೋವಿಗೆ ಅಪೆಂಡಿಸೈಟಿಸ್‌ಗಿಂತ ಇದೇ ಹೆಚ್ಚು ಸಾಮಾನ್ಯ ಕಾರಣ ಎಂದು ಅದೇ ಮಾರ್ಗದರ್ಶಿ ಹೇಳುತ್ತದೆ. ಇದರ ದಾರಿಗಳು ನಾಲ್ಕು.

ಒಂದು, ಹೃದಯದಿಂದ ಬರುವ ಹೆಪ್ಪು. ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳು ಇವೇ. ಹೃದಯದ ಬಡಿತ ತಾಳ ತಪ್ಪಿದಾಗ (ಏಟ್ರಿಯಲ್ ಫಿಬ್ರಿಲೇಶನ್) ಅದರ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ತುಣುಕು ಮೆದುಳಿಗೆ ಹೋದರೆ ಪಕ್ಷವಾತ, ಕಾಲಿಗೆ ಹೋದರೆ ಕಾಲು ತಣ್ಣಗಾಗುವುದು, ಕರುಳಿಗೆ ಹೋದರೆ ಈ ರೋಗ. ಹಿಂದೊಮ್ಮೆ ಪಕ್ಷವಾತ ಆದವರು, ಇತ್ತೀಚೆಗೆ ಹೃದಯಾಘಾತ ಆದವರು ಈ ಗುಂಪಿಗೆ ಸೇರುತ್ತಾರೆ. ಇನ್ನೊಂದು ವಿಷಯವನ್ನು ನಾವು ಹೆಂಗಸರು ಗಮನಿಸಬೇಕು. ಚಿಕ್ಕಂದಿನಲ್ಲಿ ಗಂಟಲುನೋವು, ಕೀಲುನೋವಿನ ಜ್ವರ ಬಂದು ಹೃದಯದ ಕವಾಟ ಕಿರಿದಾಗುವ ರುಮ್ಯಾಟಿಕ್ ಹೃದ್ರೋಗ ನಮ್ಮ ದೇಶದಲ್ಲಿ ಇನ್ನೂ ಇದೆ. ಕವಾಟ ಕಿರಿದಾಗುವ ತೊಂದರೆ ಹೆಂಗಸರಲ್ಲೇ ಹೆಚ್ಚು. ಅಂಥವರಿಗೆ ಮೂವತ್ತು ನಲವತ್ತರಲ್ಲೂ ಹೀಗಾಗಬಹುದು.

ಎರಡು, ಕವಲು ರಕ್ತನಾಳವೇ ಕೊಬ್ಬಿನಿಂದ ಕಿರಿದಾಗಿ, ಒಂದು ದಿನ ಪೂರ್ತಿ ಮುಚ್ಚಿಹೋಗುವುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ-ಸಿಗರೇಟು ಇದಕ್ಕೆ ಕಾರಣ. ಇವರಿಗೆ ತಿಂಗಳುಗಳ ಮೊದಲೇ ಮುನ್ಸೂಚನೆ ಸಿಗುತ್ತದೆ. ಊಟವಾಗಿ ಅರ್ಧ ಗಂಟೆಯೊಳಗೆ ಹೊಟ್ಟೆನೋವು ಬರುತ್ತದೆ, ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ನೋವಿಗೆ ಹೆದರಿ ಊಟ ಕಡಿಮೆ ಮಾಡುತ್ತಾರೆ, ತೂಕ ಇಳಿಯುತ್ತದೆ. ಈ ನಿಧಾನದ ರೂಪ ಕೂಡಾ ಹೆಂಗಸರಲ್ಲೇ ಹೆಚ್ಚಾಗಿ ಕಾಣುತ್ತದೆ. 'ಅಜ್ಜಿ ಈಗೀಗ ಊಟವನ್ನೇ ಬಿಟ್ಟಿದ್ದಾರೆ, ವಯಸ್ಸಾಯಿತಲ್ಲ' ಎಂದು ನಾವು ಬಿಟ್ಟುಬಿಡುವುದು ಸರಿಯಲ್ಲ. ಉಣ್ಣಲು ಮನಸ್ಸಿಲ್ಲದಿರುವುದು ಬೇರೆ, ಉಣ್ಣಲು ಹೆದರುವುದು ಬೇರೆ. ಕೇಳಿ ನೋಡಿ.

ಮೂರು, ನಾಳ ಮುಚ್ಚದೆಯೇ ರಕ್ತದ ಹರಿವು ಕುಸಿಯುವುದು. ತೀವ್ರ ಹೃದಯ ವೈಫಲ್ಯದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಐ.ಸಿ.ಯು.ನಲ್ಲಿ ಇರುವವರು ಇದಕ್ಕೆ ತುತ್ತಾಗಬಹುದು.

ನಾಲ್ಕು, ಕರುಳಿನಿಂದ ರಕ್ತ ಹಿಂದಕ್ಕೆ ಒಯ್ಯುವ ಅಭಿಧಮನಿಯಲ್ಲಿ ಹೆಪ್ಪುಗಟ್ಟುವುದು. ಇದು ಕಿರಿಯ ವಯಸ್ಸಿನವರಲ್ಲೂ ಕಾಣುತ್ತದೆ, ನೋವು ಕೆಲವು ದಿನಗಳಲ್ಲಿ ನಿಧಾನವಾಗಿ ಏರುತ್ತದೆ. ರಕ್ತ ಬೇಗ ಹೆಪ್ಪುಗಟ್ಟುವ ವಂಶಪಾರಂಪರ್ಯ ದೋಷ, ಯಕೃತ್ತಿನ ಕಾಯಿಲೆ, ಬಾಣಂತನದ ವಾರಗಳು, ಗರ್ಭನಿರೋಧಕ ಹಾರ್ಮೋನ್ ಮಾತ್ರೆಗಳು ಇದರ ಹಿನ್ನೆಲೆಯಲ್ಲಿ ಇರಬಹುದು. ಉಮ್ರಾ, ಹಜ್ ಅಥವಾ ರಮಝಾನ್‌ಗಾಗಿ ಮುಟ್ಟು ಮುಂದೂಡುವ ಮಾತ್ರೆಯನ್ನು ನಮ್ಮಲ್ಲಿ ಹಲವರು ಅಂಗಡಿಯಿಂದ ತಾವೇ ತಂದು ನುಂಗುತ್ತಾರೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಮನೆತನದಲ್ಲಿ ಅಂತಹ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಂತಹ ಮಾತ್ರೆಗೆ ಕೈ ಹಾಕಬಾರದು.

ಪತ್ತೆ ಹೇಗೆ?

ಮೊದಲ ಗಂಟೆಗಳಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಅಲ್ಟ್ರಾಸೌಂಡ್‌ನಲ್ಲಿ 'ಏನೂ ಇಲ್ಲ, ಬರೀ ಗ್ಯಾಸ್' ಎಂದು ಬರಬಹುದು. ರಕ್ತ ಪರೀಕ್ಷೆಗಳಲ್ಲಿ ಲ್ಯಾಕ್ಟೇಟ್, ಡಿ-ಡೈಮರ್ ಎಂಬವು ಸಹಾಯ ಮಾಡುತ್ತವೆ. ಆದರೆ ಲ್ಯಾಕ್ಟೇಟ್ ಸರಿಯಾಗಿದೆ ಎಂದ ಮಾತ್ರಕ್ಕೆ ರೋಗ ಇಲ್ಲ ಎನ್ನಲು ಬರುವುದಿಲ್ಲ. ಖಚಿತವಾಗಿ ತೋರಿಸುವುದು ಸಿ.ಟಿ. ಆಂಜಿಯೋಗ್ರಾಂ. ಕೈಯ ನರಕ್ಕೆ ಬಣ್ಣದ ಔಷಧಿ ಚುಚ್ಚಿ ಹೊಟ್ಟೆಯ ರಕ್ತನಾಳಗಳ ಚಿತ್ರ ತೆಗೆಯುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಆ ಔಷಧಿಯಿಂದ ಕಿಡ್ನಿಗೆ ತೊಂದರೆಯಾಗಬಹುದು ಎಂದು ವೈದ್ಯರು ಎಚ್ಚರಿಸಿ ಸಹಿ ಕೇಳಿದಾಗ ಮನೆಯವರು ಹಿಂಜರಿದು, ಊರಿಗೆಲ್ಲ ಫೋನ್ ಮಾಡುತ್ತಾ ಕೂರುವುದುಂಟು. ಈ ರೋಗದ ಗಟ್ಟಿ ಸಂಶಯವಿದ್ದರೆ ಕಿಡ್ನಿ ದುರ್ಬಲವಾಗಿದ್ದರೂ ಸ್ಕ್ಯಾನ್ ತಡಮಾಡಬಾರದು ಎಂಬುದೇ ತಜ್ಞರ ನಿಲುವು. ರೋಗ ಪತ್ತೆ ಆರು ಗಂಟೆ ತಡವಾದಂತೆಲ್ಲ ಸಾವಿನ ಸಂಭವ ಇಮ್ಮಡಿಯಾಗುತ್ತದೆ ಎಂದು ಅವರು ಹೇಳುತ್ತಾರೆ. ತರಾವೀಹ್ ಮುಗಿದಂದಿನಿಂದ ಬೆಳಕು ಹರಿಯುವ ತನಕ ಎಷ್ಟು ಗಂಟೆ? ನಾನು ಎಣಿಸಿದ್ದೇನೆ. ನೀವು ಎಣಿಸುವ ಸಂದರ್ಭ ಬಾರದಿರಲಿ.

ಚಿಕಿತ್ಸೆ ಏನು?

ರೋಗ ಗೊತ್ತಾದ ಕೂಡಲೇ ನರದ ಮೂಲಕ ದ್ರವ, ಆಮ್ಲಜನಕ, ಆಂಟಿಬಯಾಟಿಕ್ ಕೊಡುತ್ತಾರೆ. ಬೇರೆ ತಡೆ ಇಲ್ಲದಿದ್ದರೆ ಹೆಪ್ಪು ಬೆಳೆಯದಂತೆ ಹೆಪಾರಿನ್ ಶುರು ಮಾಡುತ್ತಾರೆ. ನೋವಿಗೆ ಔಷಧಿ ಕೊಡುತ್ತಾರೆ. ನಂತರದ ಗುರಿ ಒಂದೇ, ರಕ್ತದ ದಾರಿ ತೆರೆಯುವುದು.

ಕರುಳು ಇನ್ನೂ ಸತ್ತಿಲ್ಲದಿದ್ದರೆ ಕೆಲವರಿಗೆ ತೊಡೆಯ ಅಥವಾ ಕೈಯ ರಕ್ತನಾಳದ ಮೂಲಕ ಸಣ್ಣ ಕೊಳವೆ ಹಾಕಿ ಹೆಪ್ಪನ್ನು ಹೀರಿ ತೆಗೆಯುತ್ತಾರೆ, ಕರಗಿಸುತ್ತಾರೆ ಅಥವಾ ಸ್ಟೆಂಟ್ ಇಡುತ್ತಾರೆ. ಹೊಟ್ಟೆ ಗಟ್ಟಿಯಾಗಿದ್ದರೆ, ಕರುಳು ಸತ್ತ ಲಕ್ಷಣವಿದ್ದರೆ ಹೊಟ್ಟೆ ತೆರೆಯಲೇಬೇಕು. ಆಗ ತುದಿಯಲ್ಲಿ ಪುಟ್ಟ ಬಲೂನಿರುವ ಕೊಳವೆಯನ್ನು ನಾಳದೊಳಗೆ ದಾಟಿಸಿ, ಬಲೂನು ಉಬ್ಬಿಸಿ ಹಿಂದಕ್ಕೆ ಎಳೆದರೆ ಹೆಪ್ಪು ಹೊರಬರುತ್ತದೆ. ಅಮೆರಿಕದ ವೈದ್ಯ ಥಾಮಸ್ ಫೋಗಾರ್ಟಿ 1963ರಲ್ಲಿ ಜಗತ್ತಿಗೆ ಪರಿಚಯಿಸಿದ ಈ ಉಪಾಯ ಇಂದಿಗೂ ಜೀವ ಉಳಿಸುತ್ತಿದೆ. ಸತ್ತ ಕರುಳನ್ನು ಕತ್ತರಿಸಿ ತೆಗೆಯುತ್ತಾರೆ. ಅಭಿಧಮನಿಯಲ್ಲಿ ಹೆಪ್ಪುಗಟ್ಟಿದವರಲ್ಲಿ ಹಲವರು ಕರುಳು ಸಾಯುವ ಮೊದಲೇ ಬಂದರೆ ರಕ್ತ ತೆಳುವಾಗಿಸುವ ಔಷಧಿಯಿಂದಲೇ ಗುಣವಾಗುತ್ತಾರೆ.

ಇಲ್ಲೊಂದು ಮಾತು ಮೊದಲೇ ತಿಳಿದಿರಲಿ. 24ರಿಂದ 48 ಗಂಟೆಯೊಳಗೆ ವೈದ್ಯರು ಮತ್ತೊಮ್ಮೆ ಹೊಟ್ಟೆ ತೆರೆದು ನೋಡಬಹುದು. 'ಮೊದಲ ಆಪರೇಶನ್ ಕೆಟ್ಟುಹೋಯಿತು' ಎಂದು ಮನೆಯವರು ಜಗಳಕ್ಕೆ ನಿಲ್ಲುವುದುಂಟು. ಹಾಗಲ್ಲ. ಮೊದಲ ದಿನ ಯಾವ ಕರುಳು ಬದುಕುತ್ತದೆ, ಯಾವುದು ಸಾಯುತ್ತದೆ ಎಂದು ಹೇಳುವುದು ಕಷ್ಟ. ಸಂಶಯವಿರುವ ಭಾಗವನ್ನು ಉಳಿಸಿ, ಮರುದಿನ ನೋಡುವುದು ರೋಗಿಯ ಒಳಿತಿಗಾಗಿಯೇ. ಸಣ್ಣ ಕರುಳು ತುಂಬಾ ಕಡಿಮೆ ಉಳಿದರೆ ಆಹಾರ ಹೀರಿಕೊಳ್ಳುವುದು ಕಷ್ಟವಾಗುತ್ತದೆ. ಕೆಲವರಿಗೆ ನರದ ಮೂಲಕವೇ ಪೋಷಣೆ ಕೊಡಬೇಕಾಗುತ್ತದೆ. ಇಷ್ಟೆಲ್ಲ ಮುಂದುವರಿದ ವೈದ್ಯಕೀಯದ ನಡುವೆಯೂ ಈ ರೋಗ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅಥವಾ ಅದಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಬದುಕಿ ಉಳಿದವರಲ್ಲಿ ಹೆಚ್ಚಿನವರು ಬೇಗ ಬಂದವರು.

ನಮ್ಮ ಊರಿನಲ್ಲಿ ಏನು ಮಾಡಬಹುದು?

ಎದೆನೋವಿಗೆ ನಮ್ಮ ಜಿಲ್ಲೆ ಓಡುವುದನ್ನು ಕಲಿತಿದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಪ್ರಯತ್ನದಿಂದ ಹಳ್ಳಿಗಳ ಹಲವು ಆರೋಗ್ಯ ಕೇಂದ್ರಗಳಿಗೂ ಇ.ಸಿ.ಜಿ. ಯಂತ್ರ ಬಂತು. ತೆಗೆದ ಇ.ಸಿ.ಜಿ. ವಾಟ್ಸಾಪ್‌ನಲ್ಲಿ ತಜ್ಞರ ಕೈ ಸೇರುವಂತಾಯಿತು. ಹೊಟ್ಟೆನೋವಿಗೆ ಇಂತಹ ಎಚ್ಚರ ಇನ್ನೂ ಬಂದಿಲ್ಲ. ಅದು ನಮ್ಮ ಅಡುಗೆಮನೆಯಿಂದಲೇ ಶುರುವಾಗಬೇಕು.

ಕಡಬದ ಒಳಗಿನ ಹಳ್ಳಿಯಿಂದ ಪುತ್ತೂರಿಗೆ ಒಂದು ಗಂಟೆಗೂ ಹೆಚ್ಚು ಬೇಕು, ಮಂಗಳೂರಿಗೆ ಎರಡು ಗಂಟೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಸುಳ್ಯದಲ್ಲಿ 2002ರಿಂದ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಇದೆ. ಪುತ್ತೂರಿನಲ್ಲಿ ಸರಕಾರಿ ಮತ್ತು ಖಾಸಗಿ ಆಸ್ಪತ್ರೆಗಳಿವೆ. ಮಂಗಳೂರಿನಲ್ಲಿ ಸರಕಾರಿ ವೆನ್ಲಾಕ್ ಆಸ್ಪತ್ರೆ ಮತ್ತು ಹಲವು ವೈದ್ಯಕೀಯ ಕಾಲೇಜುಗಳಿವೆ. ನಿಮಗೆ ಹತ್ತಿರವಾಗುವ ದೊಡ್ಡ ಆಸ್ಪತ್ರೆಗೆ ಇವತ್ತೇ, ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗಲೇ, ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ರಾತ್ರಿಯೂ ಸಿ.ಟಿ. ಆಂಜಿಯೋಗ್ರಾಂ ಮಾಡುತ್ತೀರಾ? ರಾತ್ರಿಯೂ ಸರ್ಜನ್ ಇರುತ್ತಾರಾ? ಉತ್ತರವನ್ನು ನಂಬರಿನೊಂದಿಗೆ ಅಡುಗೆಮನೆಯ ಗೋಡೆಯ ಮೇಲೆ ಬರೆದು ಅಂಟಿಸಿ. 108 ಆಂಬುಲೆನ್ಸ್ 2008ರಿಂದ ನಮ್ಮ ರಾಜ್ಯದಲ್ಲಿ ಓಡುತ್ತಿದೆ, ಅದಕ್ಕೆ ಹಣ ಕೊಡಬೇಕಾಗಿಲ್ಲ. ಹೊರಡುವಾಗ ರೇಷನ್ ಕಾರ್ಡ್, ಆಧಾರ್ ಕಾರ್ಡ್ ಜೊತೆಗಿರಲಿ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ನೆರವಿದೆ. ಯಾವ ಆಸ್ಪತ್ರೆಯಲ್ಲಿ ಹೇಗೆ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಕೇಳಬಹುದು.

ಆಸ್ಪತ್ರೆಯಲ್ಲಿ 'ಗ್ಯಾಸ್ ಆಗಿದೆ' ಎಂದು ನಾವೇ ತೀರ್ಪು ಕೊಡುವುದು ಬೇಡ. ಇಷ್ಟು ಹೇಳಿ ಸಾಕು: 'ಇಷ್ಟು ಗಂಟೆಗೆ ಹಠಾತ್ತನೆ ನೋವು ಶುರುವಾಯಿತು. ಇವರಿಗೆ ಹೃದಯದ ಬಡಿತದ ತೊಂದರೆ ಇದೆ, ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಇಷ್ಟು ದಿನದಿಂದ ಬಿಟ್ಟಿದ್ದಾರೆ. ಕರುಳಿಗೆ ರಕ್ತ ನಿಂತಿರಬಹುದೇ?' ಮಾತ್ರೆಯ ಚೀಟಿ ಕೈಯಲ್ಲಿರಲಿ. ದಾರಿಯಲ್ಲಿ ತಿನ್ನಲು, ಕುಡಿಯಲು ಏನೂ ಕೊಡಬೇಡಿ. ಇಂಜೆಕ್ಷನ್‌ನಿಂದ ನೋವು ಇಳಿದರೆ ಮನೆಗೆ ಹೊರಡುವ ಮೊದಲು, ನೋವಿನ ಕಾರಣ ಸಿಕ್ಕಿತೇ ಎಂದು ಒಮ್ಮೆ ಕೇಳಿ.

ಈ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಸುಳ್ಯ ಕಡೆಯ ನನ್ನ ಸಹೋದ್ಯೋಗಿಯೊಬ್ಬರಿಗೆ ನಮ್ಮ ಅತ್ತೆಯ ಕತೆ ಗೊತ್ತಿತ್ತು. ಅವರ ತಾಯಿಗೆ ಒಂದು ರಾತ್ರಿ ಇದೇ ರೀತಿ ನೋವು ಬಂದಾಗ ಅವರು ಯಾರ ಫೋನಿಗೂ ಕಾಯಲಿಲ್ಲ. ಎರಡನೆಯ ಗಂಟೆಯೊಳಗೆ ಆಸ್ಪತ್ರೆ ಸೇರಿದರು, ಹೃದಯದ ವಿಷಯವನ್ನು ಮೊದಲು ಹೇಳಿದರು. ಸ್ಕ್ಯಾನ್‌ನಲ್ಲಿ ಹೆಪ್ಪು ಕಂಡಿತು. ಒಂದೂವರೆ ಅಡಿಯಷ್ಟು ಕರುಳು ಹೋಯಿತು, ಉಳಿದದ್ದು ಉಳಿಯಿತು. ಆ ತಾಯಿ ಇಂದು ಮೊಮ್ಮಕ್ಕಳಿಗೆ ಪತ್ತಿರಿ ತಟ್ಟಿ ಕೊಡುತ್ತಾರೆ.

ಬಾರದಂತೆ ತಡೆಯಲು

ಮನೆಯ ಹಿರಿಯರ ಮಣಿಕಟ್ಟು ಹಿಡಿದು ನಾಡಿ ನೋಡುವ ಅಭ್ಯಾಸ ಮಾಡಿ. ಹೆಬ್ಬೆರಳಿನ ಬುಡದ ಕೆಳಗೆ ಮೂರು ಬೆರಳಿಟ್ಟು ಒಂದು ನಿಮಿಷ ಎಣಿಸಿ. ಬಡಿತ ಒಂದಕ್ಕೊಂದು ಲೆಕ್ಕವಿಲ್ಲದೆ ಹೆಚ್ಚುಕಡಿಮೆಯಾಗುತ್ತಿದ್ದರೆ ಒಂದು ಇ.ಸಿ.ಜಿ. ಮಾಡಿಸಿ. ತಾಳ ತಪ್ಪಿದ ಹೃದಯಕ್ಕೆ ವೈದ್ಯರು ಕೊಡುವ ರಕ್ತ ತೆಳುವಾಗಿಸುವ ಮಾತ್ರೆ ನೋವಿನ ಮಾತ್ರೆಯಂತಲ್ಲ. ಚೆನ್ನಾಗಿದ್ದೇನೆ ಎಂದು ಬಿಡುವಂಥದ್ದಲ್ಲ. ವಾರ್ಫರಿನ್ ತೆಗೆದುಕೊಳ್ಳುವವರು ಐ.ಎನ್.ಆರ್. ರಕ್ತ ಪರೀಕ್ಷೆಯನ್ನು ತಪ್ಪಿಸಬಾರದು. ಬಸಳೆ, ನುಗ್ಗೆಸೊಪ್ಪನ್ನು ಪೂರ್ತಿ ಬಿಡಬೇಕಾಗಿಲ್ಲ. ಒಂದು ವಾರ ಏನೂ ಇಲ್ಲ, ಇನ್ನೊಂದು ವಾರ ದಿನವೂ ಎಂದು ಮಾಡದೆ ಒಂದೇ ಹದದಲ್ಲಿ ತಿಂದರೆ ಸಾಕು. ಹಾಗೆಂದು ಈ ಲೇಖನ ಓದಿ ಯಾರೂ ಇಂತಹ ಮಾತ್ರೆಯನ್ನು ತಾವಾಗಿ ಶುರು ಮಾಡಬಾರದು, ಅದರಿಂದ ರಕ್ತಸ್ರಾವದ ಅಪಾಯವಿದೆ.

ರಮಝಾನ್ ಬರುವ ಒಂದು ತಿಂಗಳ ಮೊದಲು ಹಿರಿಯರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ವಾರ್ಫರಿನ್ ದಿನಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆ, ಇಫ್ತಾರ್ ನಂತರ ನುಂಗಬಹುದು. ದಿನಕ್ಕೆರಡು ಸಲದ ಮಾತ್ರೆಯಾದರೆ ಹೇಗೆ ಹೊಂದಿಸುವುದೆಂದು ವೈದ್ಯರೇ ಹೇಳಬೇಕು. ಉಪವಾಸ ಬೇಡವೆಂದು ಅವರು ಹೇಳಿದರೆ ಮನಸ್ಸು ಸಣ್ಣದು ಮಾಡಬೇಕಾಗಿಲ್ಲ. ರೋಗಿಗೆ ರಿಯಾಯಿತಿ ಕೊಟ್ಟದ್ದು ಕುರ್‌ಆನ್. ಆ ರಿಯಾಯಿತಿಯನ್ನು ಬಳಸುವುದು ಈಮಾನ್ ಕಡಿಮೆಯಾದದ್ದರ ಗುರುತಲ್ಲ. ಮದ್ರಸದಲ್ಲಿ ಮಕ್ಕಳಿಗೆ ಇದನ್ನು ಕಲಿಸುತ್ತಿದ್ದ ನಾನು, ನನ್ನದೇ ಮನೆಯ ಹಿರಿಯರಲ್ಲಿ ಒಮ್ಮೆ ಕೂತು ಮಾತಾಡಿರಲಿಲ್ಲ.

ಕೊನೆಗೊಂದು ಮಾತು. ನಮ್ಮಲ್ಲಿ ಹೆಂಗಸು ನೋವು ನುಂಗಿಕೊಂಡರೆ ಅದನ್ನು ಸಬ್ರ್ ಎಂದು ಹೊಗಳುತ್ತೇವೆ. ಸಬ್ರ್ ಎಂದರೆ ನೋವನ್ನು ಮುಚ್ಚಿಡುವುದಲ್ಲ. ಚಿಕಿತ್ಸೆ ಪಡೆಯುತ್ತಾ, ಫಲಿತಾಂಶವನ್ನು ಅಲ್ಲಾಹನಿಗೆ ಬಿಡುವುದು. ಗಲ್ಫಿನಲ್ಲಿರುವ ಗಂಡುಮಕ್ಕಳಲ್ಲಿ ನನ್ನದೊಂದು ವಿನಂತಿ: 'ಅಮ್ಮನಿಗೆ ಹುಷಾರಿಲ್ಲದಿದ್ದರೆ ನನ್ನನ್ನು ಕೇಳಬೇಡ, ಮೊದಲು ಗಾಡಿ ತರಿಸು' ಎಂದು ಮನೆಯವರಿಗೆ ಇಂದೇ ಹೇಳಿಬಿಡಿ. ನನ್ನ ಪತಿ ಆ ದಿನ ಡ್ಯೂಟಿ ಮುಗಿಸಿ ಫೋನ್ ಮಾಡಿದಾಗ ಮೊದಲು ಕೇಳಿದ್ದು, 'ಇಷ್ಟು ಹೊತ್ತು ನನ್ನ ಫೋನಿಗೆ ಯಾಕೆ ಕಾದೆ?' ಎಂದು. ನನ್ನಲ್ಲಿ ಉತ್ತರ ಇರಲಿಲ್ಲ.

ಅಲ್ಲಾಹನು ನಮ್ಮೆಲ್ಲರ ಮನೆಯ ಹಿರಿಯರಿಗೆ ಆರೋಗ್ಯ ಕೊಡಲಿ, ಸರಿಯಾದ ಹೊತ್ತಿನಲ್ಲಿ ಸರಿಯಾದ ನಿರ್ಧಾರ ಮಾಡುವ ಧೈರ್ಯವನ್ನು ನಮಗೆ ಕೊಡಲಿ. ಆಮೀನ್.